ತಪ್ಪನ್ನು ಯಾರು, ಯಾವಾಗ ಹೇಳಬೇಕು? ವಿಆರ್ ವೆಲ್ಡಿಂಗ್ ತರಗತಿಯಲ್ಲಿ ನಾಲ್ಕು ಬಗೆಯ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಹೋಲಿಕೆ

ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಿಗೆ ವೆಲ್ಡರ್ ಕೆಲಸ ಕೇಳಿಕೊಂಡು ಹೋಗುವ ಹುಡುಗನಿಗೆ ದೊಡ್ಡ ಸಂದರ್ಶನವೇನೂ ಇರುವುದಿಲ್ಲ. ಎರಡು ತುಂಡು ಪ್ಲೇಟು, ಒಂದು ರಾಡು ಮುಂದಿಟ್ಟು "ಹಚ್ಚಿ ತೋರಿಸು" ಎನ್ನುತ್ತಾರೆ; ಬೆಸುಗೆಯ ಮೇಲೆ ಕಟ್ಟಿದ ಸ್ಲ್ಯಾಗ್ ಎಂಬ ಪೊರೆಯನ್ನು ಕೊಡವಿದ ಮೇಲೆ ಕಾಣುವ ಗೆರೆಯೇ ಅವನ ಪ್ರಮಾಣಪತ್ರ. ಅಂಥ ಹುಡುಗರಿಗೆ ಕಲಿಸುವ ಒಂದು ಕೇಂದ್ರದಲ್ಲಿ ನಾನು ಬೋಧಕನಾಗಿದ್ದೇನೆ. ನಮ್ಮಲ್ಲಿಗೆ ನಾಲ್ಕು ವಿಆರ್ ಹೆಡ್‌ಸೆಟ್‌ಗಳು, ಅಂದರೆ ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದಲ್ಲಿ ವೆಲ್ಡಿಂಗ್ ಅಭ್ಯಾಸ ಮಾಡುವ ಸಾಧನಗಳು, ಬಂದಾಗ ರಾಡು, ಪ್ಲೇಟು, ಕರೆಂಟು ಉಳಿಯುತ್ತವೆ ಎಂಬುದರ ಬಗ್ಗೆ ಎಲ್ಲರೂ ಮಾತನಾಡಿದರು. ಕಲಿಯುವವನಿಗೆ ಅವನ ತಪ್ಪನ್ನು ಯಾವ ರೂಪದಲ್ಲಿ, ಯಾವ ಹೊತ್ತಿನಲ್ಲಿ ತಿಳಿಸಬೇಕು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ತಂತ್ರಾಂಶ ಅದಕ್ಕೆ ಮೂರು ದಾರಿಗಳನ್ನು ಕೊಟ್ಟಿತ್ತು, ನಾಲ್ಕನೆಯದು ನನ್ನದೇ ಹಳೆಯ ದಾರಿ.

12 ಹುಡುಗರನ್ನು ಮೂವರಂತೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ನಾಲ್ಕೂ ವಿಧಾನಗಳು ಬೇರೆ ಬೇರೆ ಸರದಿಯಲ್ಲಿ ಸಿಗುವಂತೆ ಎಂಟು ವಾರ ನಡೆಸಿದೆ; ಎಲ್ಲರಿಗೂ ಒಂದೇ ಸರದಿ ಇಟ್ಟಿದ್ದರೆ ಕೊನೆಯ ವಿಧಾನವೇ ಗೆಲ್ಲುತ್ತಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಕೈ ತಾನಾಗಿಯೇ ಪಳಗಿರುತ್ತದೆ. ಎಲ್ಲರಿಗೂ ಕೊಟ್ಟ ಕೆಲಸ ಒಂದೇ: ಟಿ ಆಕಾರದಲ್ಲಿ ನಿಂತ ಎರಡು ಪ್ಲೇಟುಗಳ ಮೂಲೆಗೆ 3.15 ಮಿಲಿಮೀಟರ್ ರಾಡಿನಿಂದ ಒಂದು ಫಿಲೆಟ್, ಅಂದರೆ ಮೂಲೆ ತುಂಬುವ ಬೆಸುಗೆ. ರಾಡಿನ ತುದಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯಾದ ಆರ್ಕಿನ ಉದ್ದ ಹೆಚ್ಚುಕಡಿಮೆ ರಾಡಿನ ದಪ್ಪದಷ್ಟಿರಬೇಕು, ರಾಡು ಎರಡೂ ಪ್ಲೇಟುಗಳ ನಡುವೆ 45 ಡಿಗ್ರಿಯಲ್ಲಿರಬೇಕು, ಸಾಗುವ ದಿಕ್ಕಿಗೆ 10ರಿಂದ 15 ಡಿಗ್ರಿ ಬಾಗಿರಬೇಕು, ವೇಗ ಒಂದೇ ಸಮನಾಗಿರಬೇಕು. ಪ್ರತಿ ಶನಿವಾರ ಹುಡುಗರು ನಿಜವಾದ ವೆಲ್ಡಿಂಗ್ ಬೂತಿನಲ್ಲಿ ನಿಂತು ಅದೇ ಫಿಲೆಟ್ ಹಾಕುತ್ತಿದ್ದರು. ಅದನ್ನು ಸುತ್ತಿಗೆಯಿಂದ ಮಡಚಿ ಒಡೆದು, ಬೆಸುಗೆ ಬೇರಿನವರೆಗೆ, ಅಂದರೆ ಎರಡೂ ಪ್ಲೇಟು ಕೂಡುವ ಒಳಮೂಲೆಯವರೆಗೆ, ಇಳಿದಿದೆಯೇ ಎಂದು ನೋಡುತ್ತಿದ್ದೆವು.

ಮೊದಲನೆಯದು ಬಣ್ಣದ ಬಾಣಗಳ ಸೂಚನೆ. ಕೋನ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಆರ್ಕ್ ಉದ್ದವಾದರೆ ಕೆಳಮುಖದ ಬಾಣ. ಹೆಡ್‌ಸೆಟ್ಟಿನೊಳಗೆ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಮೊದಲ ದಿನ ಕೈ ಅದುರುತ್ತಿದ್ದ ಹುಡುಗ ಮೂರನೆಯ ದಿನ ಇಡೀ ಗೆರೆಯನ್ನು ಹಸಿರಿನಲ್ಲಿ ಮುಗಿಸಿದ. ಶನಿವಾರ ಬೂತಿಗೆ ಬಂದಾಗ ಅದು ಕನ್ನಡಿಯೊಳಗಿನ ಗಂಟಾಯಿತು. 10ನೇ ಸಂಖ್ಯೆಯ ಕಪ್ಪು ಗಾಜಿನ ಹಿಂದಿನಿಂದ ಆರ್ಕ್ ಮತ್ತು ಕರಗಿದ ಲೋಹದ ಪುಟ್ಟ ಮಡುವನ್ನು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುವುದಿಲ್ಲ, ವೆಲ್ಡರ್ ಓದಬೇಕಾದದ್ದು ಆ ಮಡುವನ್ನೇ. ಇವನೋ ವಾರವಿಡೀ ಬಾಣವನ್ನು ಓದಲು ಕಲಿತಿದ್ದ. 1984ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬ ಸಂಶೋಧಕರು ಕೈಚಳಕದ ಕಲಿಕೆಯ ಬಗ್ಗೆ ಹೇಳಿದ್ದು ಇದನ್ನೇ: ಬಿಡದೆ ಸಿಗುವ ಹಿಮ್ಮಾಹಿತಿ ಅಭ್ಯಾಸದ ಹೊತ್ತಿನ ಸಾಧನೆಯನ್ನು ಎತ್ತುತ್ತದೆ, ಆದರೆ ಕಲಿಯುವವನು ಅದಕ್ಕೇ ಒರಗಿಕೊಂಡುಬಿಡುತ್ತಾನೆ, ತೆಗೆದ ಕೂಡಲೇ ಬೀಳುತ್ತಾನೆ. 1990ರಲ್ಲಿ ವಿನ್‌ಸ್ಟೀನ್ ಮತ್ತು ಶ್ಮಿಟ್, ಪ್ರತಿ ಪ್ರಯತ್ನಕ್ಕೂ ಫಲಿತಾಂಶ ಹೇಳಿಸಿಕೊಂಡವರಿಗಿಂತ ಅರ್ಧದಷ್ಟು ಪ್ರಯತ್ನಗಳಿಗೆ ಮಾತ್ರ ಹೇಳಿಸಿಕೊಂಡವರು ನಂತರದ ಪರೀಕ್ಷೆಯಲ್ಲಿ ಮೇಲಾದುದನ್ನು ತೋರಿಸಿದರು. ಈ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಹಸಿರನ್ನು ಕಂಡು ನಾನೂ ಮೂರು ದಿನ ಹಿಗ್ಗಿದ್ದೆ.

ಬಾಣಗಳಿಗೆ ಇನ್ನೊಂದು ದೋಷವಿದೆ, ಅದು ಹೆಚ್ಚು ಕೆಟ್ಟದ್ದು. ನಮ್ಮ ಹೆಡ್‌ಸೆಟ್ ತನ್ನ ಮೈಮೇಲಿನ ಕ್ಯಾಮೆರಾಗಳಿಂದ, ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ದೀಪಗಳನ್ನು ನೋಡಿ ಕೈ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ನಾವು ಕಂಟ್ರೋಲರನ್ನು ರಾಡು ಹಿಡಿಯುವ ಹಳೆಯ ಹೋಲ್ಡರಿಗೆ ಕಟ್ಟಿದ್ದೆವು. ಹುಡುಗ ಮುಖವನ್ನು ಹತ್ತಿರ ತಂದು, ಎಡಗೈಯನ್ನು ಆಸರೆಗೆ ಅಡ್ಡ ಇಟ್ಟ ಕ್ಷಣದಲ್ಲಿ ಕ್ಯಾಮೆರಾಕ್ಕೆ ಆ ದೀಪಗಳು ಮರೆಯಾಗುತ್ತವೆ, ತೆರೆಯ ಮೇಲಿನ ರಾಡು ಎಗರುತ್ತದೆ, ಬಾಣ ಕೆಂಪಾಗುತ್ತದೆ. ಎಡಗೈಯ ಆಸರೆ ನಾನೇ ಹೇಳಿಕೊಟ್ಟ ಒಳ್ಳೆಯ ಅಭ್ಯಾಸ. ಯಂತ್ರ ಅದನ್ನು ತಪ್ಪೆಂದು ಶಿಕ್ಷಿಸುತ್ತಿತ್ತು, ಮತ್ತು ಹುಡುಗರು ನನ್ನ ಮಾತಿಗಿಂತ ಯಂತ್ರದ ಮಾತನ್ನು ನಂಬಿ ಆಸರೆಯನ್ನು ಬಿಡತೊಡಗಿದ್ದರು. ಮೂರು ಮಿಲಿಮೀಟರಿನ ಅಂತರವನ್ನು ಕಲಿಸಬೇಕಾದ ಸಾಧನವೇ ಆಗಾಗ ಅದಕ್ಕಿಂತ ಹೆಚ್ಚು ಎಗರಿದರೆ, ಅದರ ತೀರ್ಪಿನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರಲೇಬೇಕು.

ಎರಡನೆಯದಾದ ಕಂಪನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಪ್ಪಾದಾಗ ಕಂಟ್ರೋಲರ್ ನಡುಗುತ್ತದೆ. ಯಾವ ಕೈಗೆ ಸ್ಥಿರತೆ ಕಲಿಸಬೇಕೋ ಅದೇ ಕೈಯನ್ನು ಅಲುಗಿಸಿ ಕಲಿಸುವುದು ಹೇಗೆ? ಅದರಲ್ಲೂ ನಡುಕ ಕೋನಕ್ಕೋ ವೇಗಕ್ಕೋ ಎಂದು ತಿಳಿಯುವುದಿಲ್ಲ. ನಾಲ್ಕನೆಯ ದಿನವೇ ನಿಲ್ಲಿಸಬೇಕೆನಿಸಿದರೂ ಲೆಕ್ಕ ಸರಿಯಿರಲೆಂದು ಪ್ರತಿ ಗುಂಪಿಗೂ ಎರಡು ವಾರ ಪೂರ್ತಿ ಮಾಡಿದೆ.

ಮೂರನೆಯದು ಕೊನೆಯಲ್ಲಿ ಬರುವ ಅಂಕ. ಗೆರೆ ಮುಗಿದ ಮೇಲೆ ನೂರಕ್ಕೆ ಇಷ್ಟು ಎಂದು ತೋರಿಸಿ, ಕೆಳಗೆ ಆರ್ಕಿನ ಉದ್ದ, ಕೋನ, ಬಾಗು, ವೇಗಗಳಿಗೆ ಒಂದೊಂದರಂತೆ ನಾಲ್ಕು ಪಟ್ಟಿಗಳನ್ನು ಬಿಡಿಸಿಡುತ್ತದೆ. ಬಾಣಗಳಿಲ್ಲದ ಕಾರಣ ಹುಡುಗರು ಮಡುವನ್ನೇ ನೋಡಿದರು, ಅಷ್ಟು ಲಾಭ. ಆದರೆ ಅಂಕವೆಂದರೆ ಸರಾಸರಿ, ಬೆಸುಗೆಗೆ ಸರಾಸರಿ ಎಂಬುದಿಲ್ಲ. ಕೋನ, ವೇಗ, ಬಾಗು ಮೂರೂ ಚೆನ್ನಾಗಿದ್ದು ಆರ್ಕ್ ಮಾತ್ರ ಉದ್ದವಾಗಿದ್ದವನಿಗೆ 80 ಬಂದಿತ್ತು, ಅವನ ನಿಜವಾದ ಪ್ಲೇಟು ಸಿಡಿಹನಿಗಳಿಂದಲೂ ಸಣ್ಣ ರಂಧ್ರಗಳಿಂದಲೂ ತುಂಬಿತ್ತು. ನಾನು ಮಾಡಿದ ತಪ್ಪೆಂದರೆ ಅಂಕಗಳನ್ನು ಗೋಡೆಗೆ ಹಚ್ಚಿದ್ದು. ಮುಂದಿದ್ದವರು ಅಂಕ ಗಿಟ್ಟಿಸುವ ಉಪಾಯ ಹುಡುಕಿದರು, ಹಿಂದಿದ್ದ ಇಬ್ಬರು ಹೆಡ್‌ಸೆಟ್ ಹಾಕಿದರೆ ತಲೆ ತಿರುಗುತ್ತದೆ ಎನ್ನತೊಡಗಿದರು. ತಲೆ ತಿರುಗುವುದು ವಿಆರ್‌ನಲ್ಲಿ ಸುಳ್ಳಲ್ಲ, ಆದರೆ ಗೋಡೆಯ ಮೇಲಿನ ಅಂಕಗಳನ್ನು ತೆಗೆದ ವಾರ ಅದು ಇಬ್ಬರಿಗೂ ವಾಸಿಯಾಯಿತು. ಕ್ಲೂಗರ್ ಮತ್ತು ಡಿನೀಸಿ 1996ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯಿಂದ ಸಾಧನೆ ಇಳಿದಿತ್ತು. ಗಮನ ಕೆಲಸದಿಂದ ಸರಿದು "ನಾನು ಎಂಥವನು" ಎಂಬುದರ ಕಡೆಗೆ ಹೋದಾಗ ಹೀಗಾಗುತ್ತದೆಂಬುದು ಅವರ ವಿವರಣೆ.

ನಾಲ್ಕನೆಯದು ಬೋಧಕನ ಮಾತು. ಇದನ್ನು ಮೊದಲು ನೇರವಾಗಿ ಮಾಡಿದೆ: ಹುಡುಗ ನೋಡುತ್ತಿರುವುದನ್ನು ವೈಫೈ ಮೂಲಕ ಲ್ಯಾಪ್‌ಟಾಪಿಗೆ ಹಾಯಿಸಿಕೊಂಡು, ತಪ್ಪಿದಾಗ ಕೂಗಿ ಹೇಳುವುದು. ತಂತ್ರಾಂಶದ ಇಂಗ್ಲಿಷ್ ದನಿಗಿಂತ ಇದು ವಾಸಿ; ಕನ್ನಡ ಮನೆಮಾತಿನವನಿಗೆ ಕನ್ನಡದಲ್ಲಿ, ಮರಾಠಿಯವನಿಗೆ ಮರಾಠಿಯಲ್ಲಿ "ಕೈ ಇಳಿಸು" ಎನ್ನಬಹುದು. ಆದರೆ ಚಿತ್ರ ನನ್ನ ತೆರೆಗೆ ತುಸು ತಡವಾಗಿ ಬರುತ್ತದೆ, ನಾನು ಗ್ರಹಿಸಿ ಬಾಯಿ ತೆರೆಯುವಷ್ಟರಲ್ಲಿ ರಾಡು ಮುಂದೆ ಹೋಗಿರುತ್ತದೆ, ನನ್ನ ಮಾತು ಸರಿಯಾಗಿರುವ ಜಾಗಕ್ಕೆ ಬಿದ್ದು ಅದನ್ನೂ ಕೆಡಿಸುತ್ತದೆ. ಮುಂದಿನ ಸರದಿಯಿಂದ ಬಾಯಿ ಮುಚ್ಚಿಕೊಂಡು, ಆ ಚಿತ್ರವನ್ನು ವಿಡಿಯೊ ಮಾಡಿಟ್ಟುಕೊಂಡೆ. ಗೆರೆ ಮುಗಿದು ಹೆಡ್‌ಸೆಟ್ ತೆಗೆದ ಮೇಲೆ, ಚಿತ್ರ ತೋರಿಸುವ ಮೊದಲು, ಎಲ್ಲಿ ಕೆಟ್ಟಿತೆಂದು ನಿನಗನಿಸುತ್ತದೆ ಎಂದು ಅವನನ್ನೇ ಕೇಳಿ, ಅವನು ಬೆರಳಿಟ್ಟು ತೋರಿಸಿದ ನಂತರವೇ ಇಬ್ಬರೂ ಕೂತು ನೋಡುತ್ತಿದ್ದೆವು. ರಾಡು ಕರಗಿ ಗಿಡ್ಡವಾದಂತೆ ಕೈಯನ್ನು ಇಳಿಸುತ್ತ ಬರಬೇಕೆಂಬುದನ್ನು, ಆರ್ಕ್ ಉದ್ದವಾಗುವುದು ಅಲ್ಲಿಂದಲೇ ಎಂಬುದನ್ನು, ಬಹುತೇಕ ಹುಡುಗರು ಕಂಡುಕೊಂಡದ್ದು ಈ ಮಾತುಕತೆಯಲ್ಲಿ. ಶನಿವಾರ ಒಡೆದ ಫಿಲೆಟ್‌ಗಳಲ್ಲಿ ಬೇರಿನವರೆಗೆ ಲೋಹ ಇಳಿದಿದ್ದವು ಈ ವಿಧಾನದ ವಾರಗಳಲ್ಲೇ ಹೆಚ್ಚು.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಒಂದು ಗೆರೆಗೆ ಎರಡು ನಿಮಿಷವಾದರೆ ಮಾತಿಗೆ ಆರೇಳು ನಿಮಿಷ. 12 ಜನಕ್ಕೆ ಬೆಳಗಿನ ಅವಧಿ ಪೂರ್ತಿ ಸಾಲದು. ತಂತ್ರಾಂಶ ಮಾರುವವರು ಒಬ್ಬ ಬೋಧಕ ನಲವತ್ತು ಮಂದಿಯನ್ನು ನೋಡಿಕೊಳ್ಳಬಹುದು ಎನ್ನುವಾಗ ಈ ಆರು ನಿಮಿಷಗಳು ಅವರ ಲೆಕ್ಕದಲ್ಲಿ ಇರುವುದಿಲ್ಲ.

ಆದ್ದರಿಂದ ಈ ತಂಡಕ್ಕೆ ಬೆರೆಸಿ ಮಾಡುತ್ತಿದ್ದೇನೆ. ಮೊದಲ ಎರಡು ದಿನ ಬಾಣಗಳಿರುತ್ತವೆ, ಏಕೆಂದರೆ 45 ಡಿಗ್ರಿ ಎಂದರೆ ಎಷ್ಟೆಂದು ಮೊದಲ ಸಲ ತೋರಿಸಲು ಅವು ನನ್ನ ಬಾಯಿಗಿಂತ ಮೇಲು. ಆಮೇಲೆ ಒಂದು ಗೆರೆ ಬಾಣದೊಂದಿಗೆ, ಒಂದು ಬಾಣವಿಲ್ಲದೆ. ಎರಡನೆಯ ವಾರದಿಂದ ಪೂರ್ತಿ ಬಂದ್. ಕಂಪನ ಎಂದಿಗೂ ಇಲ್ಲ. ನಾಲ್ಕು ಪಟ್ಟಿಗಳನ್ನು ಹುಡುಗನಿಗೆ ತೋರಿಸುತ್ತೇನೆ, ಒಟ್ಟು ಅಂಕವಿರುವ ಜಾಗಕ್ಕೆ ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಚೂರು ಟೇಪು ಅಂಟಿಸಿದ್ದೇನೆ. ಚಿತ್ರ ನೋಡಿ ಮಾತನಾಡುವ ಕೆಲಸವನ್ನು ಜೋಡಿ ಮಾಡಿ ಹುಡುಗರಿಗೇ ವಹಿಸಿ, ಮೂರು ಗೆರೆಗೊಮ್ಮೆ ನಾನು ಕೂರುತ್ತೇನೆ. ಹೋದ ಶನಿವಾರ ಒಬ್ಬ ತನ್ನ ಫಿಲೆಟ್ಟಿಗೆ ಸುತ್ತಿಗೆ ಎತ್ತುವ ಮೊದಲೇ, "ಸರ್, ಈ ತುದಿಗೆ ಬೇರು ಹಿಡದಿಲ್ಲ ನೋಡ್ರಿ, ಇಲ್ಲಿ ಕೈ ಮ್ಯಾಲ ಹೋಗಿತ್ತು" ಎಂದು ಬೆರಳಿಟ್ಟ. ಒಡೆದಾಗ ಅಲ್ಲಿಯೇ ಬಿಟ್ಟಿತ್ತು.