ಮೊರ್ಗೊನ್: 25 ಯೂರೋ ಒಳಗಿನ ಗಟ್ಟಿ ಕೆಂಪು ವೈನ್

ಫ್ರಾನ್ಸಿನ ವೈನ್ ಸೀಮೆ ಬೋಜೊಲೆ ಎಂದೊಡನೆ ನವೆಂಬರ್‌ನ ಮೂರನೇ ಗುರುವಾರ ಬರುವ ತೆಳು ಹೊಸ ವೈನ್ ‘ನೂವೋ’ ನೆನೆದು ಮೂಗು ಮುರಿಯುವವರೇ ಹೆಚ್ಚು. ಅಲ್ಲಿನ 10 ಕ್ರೂಗಳಲ್ಲೊಂದಾದ, ಅಂದರೆ ತನ್ನದೇ ಹೆಸರಲ್ಲಿ ವೈನ್ ಮಾರುವ ಮೇಲ್ದರ್ಜೆಯ ಪ್ರದೇಶಗಳಲ್ಲೊಂದಾದ, ಮೊರ್ಗೊನ್‌ನ ಗತ್ತೇ ಬೇರೆ. ದ್ರಾಕ್ಷಿ ಅದೇ ಗಾಮೆ. ಆದರೆ ಮೊರ್ಗೊನ್‌ನ ಕೋತ್ ದು ಪಿ ಗುಡ್ಡದ್ದಾದರೆ ಚೆರಿ ರುಚಿಯ ಬೆನ್ನಿಗೇ ಗಟ್ಟಿ ಒಗರು ನಾಲಗೆಯಲ್ಲಿ ನಿಲ್ಲುತ್ತದೆ. ಫ್ರಾನ್ಸಿನಲ್ಲಿ 15ರಿಂದ 25 ಯೂರೋಗೆ ಒಳ್ಳೆಯ ಬಾಟಲಿಯೇ ಸಿಗುತ್ತದೆ. ಅಷ್ಟು ದುಡ್ಡಿಗೆ ಪಕ್ಕದ ದುಬಾರಿ ವೈನ್ ಸೀಮೆ ಬರ್ಗಂಡಿಯ ಹೆಸರಾಂತ ಹಳ್ಳಿಯ ವೈನ್? ಮರೆತುಬಿಡಿ. ನಮ್ಮ ಲೆಕ್ಕದಲ್ಲಿ ಮೊರ್ಗೊನ್‌ಗೆ 100ಕ್ಕೆ 90 ಅಂಕ.

ಹಲವು ಲೇಬಲ್‌ಗಳಲ್ಲಿ ‘ಬೋಜೊಲೆ’ ಪದವೇ ಇರದು, ‘ಮೊರ್ಗೊನ್’ ಎಂದೇ ಹುಡುಕಿ. ಬೆಚ್ಚಗೆ ಬಡಿಸಿದರೆ ಆಲ್ಕೋಹಾಲ್ ಘಾಟು ಹಣ್ಣಿನ ಪರಿಮಳವನ್ನು ನುಂಗಿಬಿಡುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಸುಮಾರು 14 ಡಿಗ್ರಿಗೆ ಇಳಿಸಿ. ಹೊಸ ಬಾಟಲಿಯ ವೈನ್‌ನ ಪರಿಮಳ ಇನ್ನೂ ಬಿಚ್ಚಿಕೊಳ್ಳದಿದ್ದರೆ ಅಗಲ ಬಾಯಿಯ ಜಗ್‌ಗೆ ಸುರಿದು ಒಂದು ಗಂಟೆ ಗಾಳಿಯಾಡಲು ಬಿಡಿ.