ಬರಿಗೈಯಲ್ಲಿ ಆರ್ಕಿಡ್ ಪಾಚಿ ಮುಟ್ಟಬೇಡಿ: ನನಗಾದದ್ದು ಇದು

ನನ್ನ ಬಲಗೈ ತೋರುಬೆರಳಿನಿಂದ ಮೊಣಕೈವರೆಗೆ ಐದು ಕಲೆಗಳಿವೆ. ಒಂದರ ಹಿಂದೆ ಒಂದು, ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ಮರೆತ ರಂಗೋಲಿಯ ಹಾಗೆ. ಆರ್ಕಿಡ್ ಕುಂಡಕ್ಕೆ ತುಂಬುವ ಒಣ ಪಾಚಿಯಿಂದ ಬಂದ ಕಲೆಗಳು ಅಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನಮ್ಮ ಮನೆ ಧಾರವಾಡದಲ್ಲಿ. ಮೂರು ವರ್ಷದ ಹಿಂದೆ ಮಗಳು ಬೆಂಗಳೂರಿನಿಂದ ಫೆಲನಾಪ್ಸಿಸ್ ಎಂಬ ಒಂದು ಆರ್ಕಿಡ್ ಗಿಡ ತಂದುಕೊಟ್ಟಳು. ಹೂ ಉದುರಿದ ಮೇಲೆ ನಾನು ಅದನ್ನು ಗುಲಾಬಿಗೆ ಮಾಡುವ ಹಾಗೆ ಕೆಮ್ಮಣ್ಣು, ಸಗಣಿ ಗೊಬ್ಬರ ಹಾಕಿ ನೆಟ್ಟೆ. ತಿಂಗಳೊಳಗೆ ಬೇರು ಕೊಳೆಯಿತು. ಎರಡನೇ ಗಿಡಕ್ಕೆ ಬರೀ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ಹಾಕಿದೆ. ಅದೂ ಹೋಯಿತು. ದಾಂಡೇಲಿ ಕಡೆ ಹೋದವರು ಮರದ ಕೊಂಬೆಯಲ್ಲಿ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಜೋತಾಡುವುದನ್ನು ನೋಡಿರುತ್ತೀರಿ. ಅದರ ಬೇರಿಗೆ ಮಣ್ಣೇ ಇರುವುದಿಲ್ಲ, ಗಾಳಿಯಲ್ಲೇ ಇರುತ್ತದೆ. ಬೇರಿನ ಮೇಲಿನ ಬಿಳಿ ಸ್ಪಂಜಿನಂಥ ಪದರ ಮಳೆ ಬಂದಾಗ ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಮತ್ತೆ ಬೆಳ್ಳಗಾಗುತ್ತದೆ. ಅಂಥ ಬೇರನ್ನು ನಾನು ಹಸಿ ಹಿಟ್ಟಿನಂಥ ಪುಡಿಯಲ್ಲಿ ಹುಗಿದಿದ್ದೆ.

ಮೂರನೇ ಸಲ ತೆಂಗಿನ ಸಿಪ್ಪೆಯ ತುಂಡು. ತೊಳೆಯದೇ ಹಾಕಿದೆ. ಎಲೆಯ ತುದಿ ಸುಟ್ಟ ಹಾಗೆ ಕಂದಾಯಿತು. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ನಮ್ಮ ಬೋರಿನ ನೀರು ಬೇರೆ ಗಡಸು. ಕುಂಡದ ಅಂಚಿಗೆ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು.

ಸರಿ ಎಂದು ಊರ ಹೊರಗಿನ ಒಂದು ನರ್ಸರಿಗೆ ಹೋದೆ. ಅಲ್ಲಿಯ ಹುಡುಗ, "ಅಕ್ಕಾರ, ಇದನ್ನ ಹಾಕ್ರಿ, ನೀರಿನ ಚಿಂತಿನ ಇಲ್ಲ" ಅಂತ ಒಂದು ಚೀಲ ಕೊಟ್ಟ. ಸ್ಫ್ಯಾಗ್ನಂ ಎಂಬ ಪಾಚಿ, ನರ್ಸರಿಯವರು ಸುಮ್ನೆ ಮಾಸ್ ಅನ್ನುತ್ತಾರೆ. ಒಣಗಿದಾಗ ಹಗುರ, ಆದರೆ ತನ್ನ ತೂಕದ ಸುಮಾರು 20 ಪಟ್ಟು ನೀರು ಹಿಡಿಯುತ್ತದೆ. ಈ ಚೀಲದ ಮೇಲೆ ಹೆಸರಿಲ್ಲ, ಊರಿಲ್ಲ. ಒಳಗೆ ಕಂದು ಬಣ್ಣದ ಪಾಚಿ, ನಡುವೆ ಕಡ್ಡಿ ಕಸ, ತಳದಲ್ಲಿ ಧೂಳು. ಎಲ್ಲಿಂದ ಬರುತ್ತದೆ ಅಂತ ಕೇಳಿದರೆ, "ಮ್ಯಾಲಿಂದ ಬರ್ತೈತ್ರಿ" ಅಂದ. ಮೇಲೆ ಅಂದರೆ ಹಿಮಾಲಯವೋ, ಹುಬ್ಬಳ್ಳಿಯ ಗೋದಾಮೋ, ನಾನೂ ಕೇಳಲಿಲ್ಲ.

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಕುಳಿತು ಆರು ಕುಂಡ ತುಂಬಿದೆ. ಒಣ ಪಾಚಿಯನ್ನು ಬರಿಗೈಯಲ್ಲಿ ಜಾಡಿಸಿದೆ, ಹಿಂಜಿದೆ. ಗಿಡವನ್ನು ಕೋಲಿಗೆ ಕಟ್ಟುವಾಗ ತಂತಿ ಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ. ಸೆರಗಿಗೆ ಒರೆಸಿಕೊಂಡು ಮತ್ತೆ ಪಾಚಿಗೆ ಕೈ ಹಾಕಿದೆ.

ಪಂಚಮಿಗೆ ಉಂಡಿ ಕಟ್ಟುವಾಗ ಬೆರಳಲ್ಲಿ ಏನೋ ತಡೆಯಿತು. ನೋಡಿದರೆ ಬಟಾಣಿ ಕಾಳಿನಷ್ಟು ಕೆಂಪು ಗಂಟು. ಚುಚ್ಚಿ ಮೂರು ವಾರವಾಗಿತ್ತು, ಹಾಗಾಗಿ ತಂತಿಯ ನೆನಪೇ ಬರಲಿಲ್ಲ. ಜಾಸ್ತಿ ನೋವಿಲ್ಲ, ಆದರೆ ಒಡೆದು ಹುಣ್ಣಾಯಿತು, ಮಾಯಲಿಲ್ಲ. ಓಣಿಯ ಡಾಕ್ಟರ್ ಬ್ಯಾಕ್ಟೀರಿಯಾ ಸಾಯಿಸುವ ಗುಳಿಗೆ ಕೊಟ್ಟರು. ಎರಡು ಕೋರ್ಸ್ ಮುಗಿಸಿದೆ. ಗಣೇಶ ಚೌತಿ ಹೊತ್ತಿಗೆ ಮಣಿಕಟ್ಟಿನ ಮೇಲೆ ಇನ್ನೊಂದು ಗಂಟು, ಅದರ ಮೇಲೆ ಮತ್ತೊಂದು. ನಮ್ಮ ಅತ್ತೆ ನೋಡಿದವರೇ, "ಇದು ಸರ್ಪಸುತ್ತು ಐತಿ, ಕೆಮ್ಮಣ್ಣು ಹಚ್ಚಿಸ್ಕೊಂಡು ಬಾರವ್ವಾ" ಅಂದರು. ಹಚ್ಚಿಸಿಕೊಂಡೂ ಬಂದೆ. ನಾಚಿಕೆ ಯಾಕೆ, ಹೇಳಿಬಿಡುತ್ತೇನೆ.

ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಚರ್ಮದ ಡಾಕ್ಟರ್ ಬಳಿ ಹೋದೆ. ಅವರು ಕೈಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ: "ಮನ್ಯಾಗ ಗುಲಾಬಿ ಗಿಡ ಅದಾವೇನ್ರಿ? ಮುಳ್ಳು ಚುಚ್ಚಿತ್ತೇನು?"

"ಗುಲಾಬಿ ಇಲ್ರಿ ಸರ್. ಆರ್ಕಿಡ್ ಅದಾವ."

"ಅದಕ್ಕ ಏನ್ ಹಾಕ್ತೀರಿ?"

ಪಾಚಿ ಅಂದೆ. ಅವರು ತಲೆ ಆಡಿಸಿದರು. ಗಂಟಿನಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ವಾರಗಳ ನಂತರ ಹೆಸರು ಬಂತು: ಸ್ಪೋರೋಟ್ರೈಕೋಸಿಸ್. ಇದೊಂದು ಶಿಲೀಂಧ್ರದ ಸೋಂಕು. ಮಣ್ಣು, ಮುಳ್ಳು, ಒಣ ಹುಲ್ಲು, ಈ ಪಾಚಿ, ಇಂಥವುಗಳಲ್ಲಿ ಅದು ಇರುತ್ತದೆ. ಚರ್ಮದಲ್ಲಿ ಗಾಯ ಇಲ್ಲದಿದ್ದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಸಣ್ಣ ಗಾಯ ಸಿಕ್ಕರೆ ಒಳಗೆ ಹೋಗಿ, ದುಗ್ಧನಾಳ (ರಕ್ತನಾಳದ ಹಾಗೇ ಮೈಯಲ್ಲಿ ಹರಡಿರುವ, ತಿಳಿ ದ್ರವ ಒಯ್ಯುವ ಸಣ್ಣ ನಾಳ) ಹಿಡಿದು ಮೇಲೆ ಹತ್ತುತ್ತದೆ. ಗಂಟುಗಳು ಸಾಲಾಗಿ ಬಂದದ್ದು ಅದಕ್ಕೇ. 1988ರಲ್ಲಿ ಅಮೆರಿಕದಲ್ಲಿ ವಿಸ್ಕಾನ್ಸಿನ್ ರಾಜ್ಯದ ಪಾಚಿಯಲ್ಲಿ ಸುತ್ತಿ ಕಳಿಸಿದ ಮರದ ಸಸಿಗಳನ್ನು ಮುಟ್ಟಿ 15 ರಾಜ್ಯಗಳಲ್ಲಿ 84 ಜನರಿಗೆ ಇದು ಬಂದಿತ್ತಂತೆ. ಹಾಗಾದರೆ ಹೆಸರಿರುವ ಪಾಕೀಟು ತಂದಿದ್ದರೂ ಪೂರ್ತಿ ಭರವಸೆ ಇರುತ್ತಿರಲಿಲ್ಲ, ಅಲ್ವಾ?

ಶಿಲೀಂಧ್ರ ಸಾಯಿಸುವ ಇಟ್ರಾಕೊನಜೋಲ್ ಗುಳಿಗೆ ಸಂಕ್ರಾಂತಿವರೆಗೆ ನುಂಗಿದೆ. ಹೊಟ್ಟೆ ತುಂಬ ಊಟ ಮಾಡಿಯೇ ತೆಗೆದುಕೊಳ್ಳಬೇಕು, ನಡುನಡುವೆ ಲಿವರ್ ಸರಿ ಇದೆಯೇ ಎಂದು ರಕ್ತ ಪರೀಕ್ಷೆ. ಆರು ಕುಂಡದ ಪಾಚಿಗೆ ಕೊಟ್ಟದ್ದು ಮುನ್ನೂರು ರೂಪಾಯಿ. ಗುಳಿಗೆಯ ಲೆಕ್ಕವನ್ನು ಮನೆಯವರಿಗೂ ಪೂರ್ತಿ ಹೇಳಿಲ್ಲ.

ಕೈಯಲ್ಲಿ ಮಾಯದ ಗಂಟು ಇದ್ದರೆ ಡಾಕ್ಟರಿಗೆ ಹೊಟ್ಟೆಯ ಕತೆ, ಬಿಪಿ ಕತೆ ಹೇಳುವ ಜೊತೆಗೆ ಗಿಡದ ಕತೆಯನ್ನೂ ಹೇಳಿ. ನಾನು ಹೇಳಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಈಗ ನನ್ನ ಕುಂಡಗಳಲ್ಲಿ ಪಾಚಿ ಬಹಳ ಕಡಿಮೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಗೆ ಪಾಚಿ ತುಂಬಿದ ಕುಂಡ ವಾರಗಟ್ಟಲೆ ಒಣಗುವುದೇ ಇಲ್ಲ, ಗಿಡಕ್ಕೂ ಅದು ಒಳ್ಳೆಯದಲ್ಲ. ಕಟ್ಟಿಗೆ ಇದ್ದಿಲು, ಇಟ್ಟಂಗಿ ಚೂರು, ತೊಳೆದ ಸಿಪ್ಪೆ, ಇಷ್ಟೇ. ಇದ್ದಿಲು ಕಟ್ಟಿಗೆಯದ್ದೇ ಇರಲಿ. ಕಬಾಬ್ ಸುಡಲು ಬರುವ ಒತ್ತಿದ ಬಿಲ್ಲೆಗಳಲ್ಲಿ ಅಂಟು, ಬೇಗ ಹೊತ್ತಿಕೊಳ್ಳುವ ಮದ್ದು ಸೇರಿಸಿರಬಹುದು. ಇಟ್ಟಂಗಿಗೆ ಸಿಮೆಂಟು ಮೆತ್ತಿರಬಾರದು. ಸಿಪ್ಪೆಯನ್ನು ದಿನವಿಡೀ ನೆನೆಸಿ, ನೀರು ಚೆಲ್ಲಿ ಮತ್ತೆ ನೆನೆಸುತ್ತೇನೆ. ಚಹಾದಂಥ ಬಣ್ಣ ಬಿಡುವುದು ನಿಲ್ಲುವವರೆಗೂ. ಕೊನೆಯ ನೀರು ಮಳೆಯದ್ದಾದರೆ ಇನ್ನೂ ಒಳ್ಳೆಯದು. ಸಿಪ್ಪೆ ಪುಡಿಪುಡಿಯಾಗತೊಡಗಿದರೆ ಕುಂಡ ಬದಲಿಸುತ್ತೇನೆ, ಯಾಕೆಂದರೆ ಪುಡಿಯಾದದ್ದು ಕೋಕೋಪೀಟಿನ ಹಾಗೇ ನೀರು ಹಿಡಿದುಕೊಳ್ಳುತ್ತದೆ.

ಎಳೆ ಸಸಿಗೆ ಪಾಚಿ ಬೇಕೇ ಬೇಕಾದಾಗ ಚೀಲದ ಬಾಯನ್ನು ಸ್ವಲ್ಪವೇ ಬಿಚ್ಚಿ, ಒಳಗೇ ನೀರು ಸುರಿದು ನೆನೆಸುತ್ತೇನೆ. ಧೂಳು ಏಳುವುದಿಲ್ಲ. ಕೈಗೆ ದಪ್ಪ ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ, ಮೂಗಿಗೆ ಮಾಸ್ಕ್. ಕೈಯಲ್ಲಿ ಗಾಯ ಇದ್ದ ದಿನ ಆ ಕೆಲಸವೇ ಇಲ್ಲ. ಪರ್ಲೈಟ್ (ಕುಂಡಕ್ಕೆ ಬೆರೆಸುವ ಹಗುರ ಬಿಳಿ ಹರಳು) ಚೀಲಕ್ಕೂ ಮೊದಲು ನೀರು, ಅದರ ಬಿಳಿ ಧೂಳು ಗಂಟಲು ಕೆರೆಯುತ್ತದೆ. ಸಿದ್ಧ ಕುಂಡದ ಮಣ್ಣಿನ ಧೂಳಿನಿಂದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯಬಹುದು ಅಂತ ಆಸ್ಟ್ರೇಲಿಯಾದಲ್ಲಿ ಚೀಲದ ಮೇಲೇ ಎಚ್ಚರಿಕೆ ಅಚ್ಚು ಹಾಕುತ್ತಾರೆ. ನಮ್ಮಲ್ಲಿ ಚೀಲಕ್ಕೆ ಹೆಸರೇ ಇರುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಆ ನರ್ಸರಿಗೆ ಹೋಗಿ ಹುಡುಗನಿಗೆ ಕೈ ತೋರಿಸಿದೆ. ಅವನು ತನ್ನ ಎರಡೂ ಕೈ ತಿರುಗಿಸಿ ತೋರಿಸಿದ. "ನಾವು ದಿನಾ ಮುಟ್ತೀವ್ರಿ ಅಕ್ಕಾರ, ನಮಗೇನೂ ಆಗಿಲ್ಲ." ಅವನ ಹೆಬ್ಬೆರಳಿಗೆ ಕತ್ತರಿ ತಾಗಿದ ಹಸಿ ಗಾಯವಿತ್ತು. ತಂದಿದ್ದ ಒಂದು ಜೊತೆ ಗ್ಲೌಸ್ ಕೊಟ್ಟೆ. ನಕ್ಕು ಜೇಬಿಗೆ ಹಾಕಿಕೊಂಡ. ಮುಂದಿನ ತಿಂಗಳು ಹೋದಾಗ ಅವು ಅವನ ಬೈಕಿನ ಹ್ಯಾಂಡಲ್ ಮೇಲೆ ಒಣಗುತ್ತಿದ್ದವು. ಅವನು ಒಳಗೆ ಬರಿಗೈಯಲ್ಲಿ ಪಾಚಿ ಹಿಂಜುತ್ತಿದ್ದ.