ಕೋಟೆ ಗುಡ್ಡದ ಹತ್ತಿರದ ವಗ್ಗಾಣಿ ಅಂಗಡಿ

ಬಳ್ಳಾರಿ ಕೋಟೆ ಗುಡ್ಡದ ಹತ್ತಿರದ ಈ ಚಿಕ್ಕ ಅಂಗಡಿಯ ವಗ್ಗಾಣಿ ನನಗೆ ತುಂಬಾ ಇಷ್ಟ. ಮಂಡಕ್ಕಿ ಹದವಾಗಿ ನೆಂದಿರುತ್ತದೆ, ಮೇಲೆ ಪುಟಾಣಿ ಪುಡಿ. ಮಿರ್ಚಿ ಬಿಸಿಬಿಸಿ. ಚಹಾಕ್ಕೆ ಮಾತ್ರ ಸಕ್ಕರೆ ಜಾಸ್ತಿ.

ಆರು ವರ್ಷದಿಂದ ನಾವಿಬ್ಬರೂ ಇಲ್ಲಿ ಒಂದೇ ತಟ್ಟೆಯಲ್ಲಿ ತಿಂದವರು. ಕೇಳಿದವರಿಗೆಲ್ಲ 'ರೂಮ್‌ಮೇಟ್' ಅಂತಿದ್ದೆ. ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ನನಗೆ ನಾನೇ ಹೇಳಿಕೊಳ್ಳಲು ಆಗಿರಲಿಲ್ಲ. ಮನೆಯವರು ಹೆಣ್ಣು ನೋಡಿದ್ದನ್ನೂ ಅವನಿಂದ ಮುಚ್ಚಿಟ್ಟೆ. ಗೊತ್ತಾದ ದಿನ ಅವನು ಮಿರ್ಚಿ ಮುಟ್ಟದೆ ಎದ್ದು ಹೋದ.

ಕಳೆದ ಭಾನುವಾರ ಅಕ್ಕನಿಗೆ ಎಲ್ಲ ಹೇಳಿ, ಇಲ್ಲಿಗೇ ಕರೆತಂದೆ. ಅವನೂ ಬಂದ. "ಏನು ತಗೋತೀಯಪ್ಪಾ?" ಎಂದು ಅಕ್ಕ ಅವನನ್ನೇ ಮೊದಲು ಕೇಳಿದಳು. ಅಂಗಡಿಯ ಅಣ್ಣ ಎರಡು ಮಿರ್ಚಿ ಹೆಚ್ಚಿಗೆ ಹಾಕಿದರು. ಬೆಳಿಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಸಿಗಲ್ಲ.